ಹಿಟ್ಟಿನ ಮಿಷನ್ ಪಕ್ಕದ ಹಾಡಿನ ಟೀಚರ್

ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ, ಬೆಳಗಿನ ಹೂವಿನ ಚಿತ್ರಗಳ ನಡುವೆ ಆ ಸುದ್ದಿ ಇತ್ತು. ನಮ್ಮ ಶಾಲೆಗೆ ಹಿಂದೆ ಸಂಗೀತ ಹೇಳಿಕೊಡಲು ಬರುತ್ತಿದ್ದ ಟೀಚರ್ ಹೊಸೂರಿನಲ್ಲಿ ತೀರಿಕೊಂಡಿದ್ದಾರೆ, ಹನ್ನೊಂದು ಗಂಟೆಗೆ ಎತ್ತುತ್ತಾರೆ. ಕೆಳಗೆ ಸಾಲಾಗಿ ಮುಗಿದ ಕೈಗಳು. ಅವಸರದಲ್ಲಿ ಒಬ್ಬರು ಹೆಬ್ಬೆರಳು ಎತ್ತಿ ತೋರಿಸಿ, ಆಮೇಲೆ ಅಳಿಸಿದ್ದರು. ನಾನೂ ಒಂದು ಜೊತೆ ಕೈ ಮುಗಿದು ಫೋನನ್ನು ಮಗುಚಿ ಇಟ್ಟೆ. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿರುವ ಮೇಷ್ಟರಿಗೆ ಇಂಥ ಸುದ್ದಿ ಹಾಜರಿ ಪುಸ್ತಕದಷ್ಟೇ ಮಾಮೂಲಿ. ಆದರೂ ಅವತ್ತು ಕಾಫಿ ಕುಡಿದು ಮುಗಿಸಲಾಗಲಿಲ್ಲ. ಆಕೆಗೆ ನಾನು ಹೇಳಬೇಕಾದ ಮಾತೊಂದು ಹನ್ನೆರಡು ವರ್ಷದಿಂದ ಗಂಟಲಲ್ಲೇ ಉಳಿದಿತ್ತು. ಇನ್ನು ಹೇಳುವುದು ಯಾರಿಗೆ? ಹೆಡ್‌ಮಾಸ್ಟರಿಗೆ ರಜೆಯ ಮೆಸೇಜು ಕಳಿಸಿ ಹೊಸೂರಿನ ಬಸ್ಸು ಹತ್ತಿದೆ.

ನಾನು ಕೆಲಮಂಗಲದ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಗಣಿತದ ಮೇಷ್ಟರು. ನಮ್ಮದು ಕನ್ನಡ ಮಾಧ್ಯಮ. ಮಕ್ಕಳಲ್ಲಿ ಅರ್ಧಕ್ಕರ್ಧ ಮನೆಯಲ್ಲಿ ತೆಲುಗು ಆಡುತ್ತವೆ, ಪಾಠ ಕನ್ನಡದಲ್ಲಿ ಓದುತ್ತವೆ, ಬಸ್ಸಿನ ಬೋರ್ಡನ್ನು ತಮಿಳಿನಲ್ಲಿ ನೋಡಿ ಹತ್ತುತ್ತವೆ. ಆ ಟೀಚರ್ ಈ ಮೂರರಲ್ಲೂ ಹಾಡು ಕಟ್ಟಿ ಹೇಳಿಕೊಡುತ್ತಿದ್ದರು. ಅವರಿಗೆ ಒಂದೇ ಶಾಲೆ ಇರಲಿಲ್ಲ. ಸೋಮವಾರ ಹೊಸೂರು, ಮಂಗಳವಾರ ಬುಧವಾರ ನಮ್ಮಲ್ಲಿ, ಗುರುವಾರ ಅಂಚೆಟ್ಟಿ ಕಡೆಯ ಕಾಡಂಚಿನ ಶಾಲೆ. ಅಲ್ಲಿಗೆ ಬಸ್ಸು ಇದ್ದರೆ ಬಸ್ಸು, ಇಲ್ಲದಿದ್ದರೆ ನಡಿಗೆ. ಹೆಗಲಿಗೆ ಒಂದು ಬಟ್ಟೆ ಚೀಲ, ಅದರಲ್ಲಿ ಊಟದ ಡಬ್ಬಿ ಮತ್ತು ಜೀರಿಗೆ ನೀರಿನ ಫ್ಲಾಸ್ಕು. ಹಾರ್ಮೋನಿಯಂ ಹೊತ್ತು ತರುವ ಶಕ್ತಿ ಅವರಿಗಿರಲಿಲ್ಲ, ತರಿಸಿಕೊಡುವ ಮನಸ್ಸು ಶಾಲೆಗಿರಲಿಲ್ಲ.

ಸಂಗೀತದ ಟೀಚರ್ ಎಂದರೆ ಇಂಪಾದ ಕಂಠ ಎಂದುಕೊಂಡವರಿಗೆ ಅವರನ್ನು ಕೇಳಿದರೆ ನಿರಾಸೆಯಾಗುತ್ತಿತ್ತು. ಅರವತ್ತು ಮಕ್ಕಳ ತರಗತಿಗಳಲ್ಲಿ ವರ್ಷಾನುಗಟ್ಟಲೆ ಹಾಡಿ ಹಾಡಿ ಗಂಟಲು ಸವೆದು ಹೋಗಿತ್ತು. ಮೇಲಿನ ಸ್ವರಕ್ಕೆ ಹೋದರೆ ದನಿ ನಿಂತೇ ಹೋಗುತ್ತಿತ್ತು, ಗಾಳಿ ಮಾತ್ರ ಬರುತ್ತಿತ್ತು. ಆಗ ಅವರು ಅಂಗೈಯನ್ನು ಗಾಳಿಯಲ್ಲಿ ಮಟ್ಟವಾಗಿ ಹಿಡಿದು, ಸ್ವರ ಎಷ್ಟು ಎತ್ತರದಲ್ಲಿದೆ ಎಂದು ತೋರಿಸುತ್ತಿದ್ದರು. ಮಕ್ಕಳು ಆ ಅಂಗೈಯನ್ನು ನೋಡಿ ಅಲ್ಲಿಗೆ ಹತ್ತುತ್ತಿದ್ದವು. ಉಳಿದ ದನಿಯನ್ನು ತರಗತಿಗೆಂದು ಉಳಿಸಿಕೊಳ್ಳುವುದಕ್ಕಾಗಿ ಸ್ಟಾಫ್ ರೂಮಿನಲ್ಲಿ ಅವರು ಮಾತಾಡುತ್ತಲೇ ಇರಲಿಲ್ಲ. ಬರೀ ತಲೆಯಾಡಿಸುವುದು, ಕಣ್ಣಲ್ಲಿ ನಗುವುದು. ಜಂಬದ ಹೆಂಗಸು ಎಂದು ನಾವೆಲ್ಲ ಸೇರಿ ತೀರ್ಮಾನ ಮಾಡಿಬಿಟ್ಟಿದ್ದೆವು.

ಅವರ ಪಿರಿಯಡ್ಡಿಗೆ ನಾವು ಇಟ್ಟ ಹೆಸರು ಗಲಾಟೆ ಪಿರಿಯಡ್ಡು. ಪರೀಕ್ಷೆ ಹತ್ತಿರ ಬಂದರೆ ನಾನು ಅದನ್ನು ಕೇಳಿ ತೆಗೆದುಕೊಳ್ಳುತ್ತಿದ್ದೆ. ಆಮೇಲಾಮೇಲೆ ಕೇಳುವುದನ್ನೂ ಬಿಟ್ಟೆ. "ತಗಳಿ ಸಾರ್" ಎಂದಷ್ಟೇ ಹೇಳಿ ಅವರು ಜಾಗ ಬಿಡುತ್ತಿದ್ದರು. ಒಂದು ಸಲ ಹಾಗೆ ಜಾಗ ಬಿಟ್ಟವರು ಹೊರಗೆ ಹೋಗದೆ ಹಿಂದಿನ ಬೆಂಚಿನಲ್ಲಿ ಮಕ್ಕಳ ಜೊತೆ ಕುಳಿತುಬಿಟ್ಟರು. ನನಗೆ ಕಸಿವಿಸಿ. ಮಗ್ಗಿ ಹೇಳಿಸಿ, ಎರಡು ಲೆಕ್ಕ ಮಾಡಿಸಿ, ಗಂಟೆ ಹೊಡೆದ ಮೇಲೆ ಏನು ತಪ್ಪು ಹುಡುಕಿದರೋ ಎಂದು ಹತ್ತಿರ ಹೋದೆ.

"ಹದಿಮೂರರ ಮಗ್ಗೀಲಿ ಏಳನೇದು ಬಂದಾಗ ಮಕ್ಳ ದನಿ ಇಳಿದ್ಬುಡ್ತದೆ ಸಾರ್," ಎಂದರು. "ಗೊತ್ತಿಲ್ದಿರೋ ಕಡೆ ದನಿ ಇಳೀತದೆ. ಅಲ್ಲಿ ನಿಲ್ಸಿ ಕೇಳಿ ನೋಡಿ."

ಮಾರನೆಯ ದಿನ ನಿಲ್ಲಿಸಿ ಕೇಳಿದೆ. ಮುಕ್ಕಾಲು ತರಗತಿಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಮಗ್ಗಿ ಹೇಳಿಸಿದ ನನ್ನ ಕಿವಿಗೆ ಬೀಳದ್ದು ಅವರ ಕಿವಿಗೆ ಅರ್ಧ ಗಂಟೆಯಲ್ಲಿ ಬಿದ್ದಿತ್ತು. ಇವತ್ತಿಗೂ ನಾನು ಮಕ್ಕಳ ದನಿ ಇಳಿದ ಕಡೆ ಪಾಠ ನಿಲ್ಲಿಸುತ್ತೇನೆ. ಮೂವತ್ತು ವರ್ಷದ ನೌಕರಿಯಲ್ಲಿ ನಾನು ಹೊಸದಾಗಿ ಕಲಿತದ್ದು ಇಷ್ಟೇ ಎಂದರೂ ತಪ್ಪಲ್ಲ.

ಹಿಟ್ಟಿನ ಮಿಷನ್ನಿನ ವಿಷಯ ಹೇಳಬೇಕು. ನಮ್ಮ ಶಾಲೆಯ ಕಾಂಪೌಂಡಿಗೆ ಅಂಟಿಕೊಂಡೇ ಅದಿತ್ತು. ಬೆಳಗ್ಗೆ ಹತ್ತಕ್ಕೆ ಮೋಟಾರು ಶುರುವಾದರೆ ಸಂಜೆಯವರೆಗೆ ಗೊಂಯ್ ಎಂದು ಒಂದೇ ಸದ್ದು. ನಾನು ಹೆಡ್‌ಮಾಸ್ಟರಿಗೆ ಎರಡು ಸಲ ದೂರು ಬರೆದುಕೊಟ್ಟಿದ್ದೆ. ಆದರೆ ಈ ಟೀಚರ್ ಬಂದ ಮೊದಲ ವಾರವೇ ಮಕ್ಕಳನ್ನು ಮಿಷನ್ನಿನ ಗೋಡೆಯ ಪಕ್ಕದ ಬೇವಿನ ಮರದಡಿಗೆ ಕರೆದುಕೊಂಡು ಹೋಗಿ ಕೂರಿಸಿದರು. ತಂಬೂರಿ ಇಲ್ಲದ ಶಾಲೆಯಲ್ಲಿ ದಿನವಿಡೀ ಬಿಟ್ಟಿಯಾಗಿ ಶ್ರುತಿ ಹಾಕುವವರು ಸಿಕ್ಕಿದ್ದಾರೆ, ಬಿಡುವುದೇಕೆ ಎಂಬುದು ಅವರ ಲೆಕ್ಕ. ಮಿಷನ್ನಿನ ಸದ್ದೇ ಷಡ್ಜ, ಹಾಡಿಗೆ ಆಧಾರದ ‘ಸ’. ಮಕ್ಕಳು ಅದಕ್ಕೆ ಕಿವಿಗೊಟ್ಟು, ಅದರ ಮೇಲೆ ನಿಂತು ಹಾಡಬೇಕು.

ಅದರಲ್ಲೊಂದು ಎಡವಟ್ಟು ಇತ್ತು. ಮಿಷನ್ನಿನ ಬಾಯಿಗೆ ರಾಗಿ ಸುರಿದ ಕೂಡಲೇ ಭಾರಕ್ಕೆ ಮೋಟಾರು ಜಗ್ಗುತ್ತಿತ್ತು, ಸದ್ದು ಅರ್ಧ ಸ್ವರ ಕೆಳಗಿಳಿಯುತ್ತಿತ್ತು. ನಮ್ಮ ಮಕ್ಕಳೂ ಎಲ್ಲ ಒಟ್ಟಾಗಿ, ಒಂದು ಚೂರೂ ಕೆಡದಂತೆ, ಅರ್ಧ ಸ್ವರ ಕೆಳಗಿಳಿದುಬಿಡುತ್ತಿದ್ದವು. ರಾಗಿ ಮುಗಿದರೆ ಮತ್ತೆ ಮೇಲೆ. ಇದನ್ನು ಕಂಡುಹಿಡಿದ ದಿನ ಟೀಚರ್ ಸ್ಟಾಫ್ ರೂಮಿಗೆ ಬಂದು, ಮಾತಾಡದ ನಿಯಮ ಮುರಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ನಮಗೆ ಯಾರಿಗೂ ಅರ್ಥವಾಗಿರಲಿಲ್ಲ.

ಅವರು ಬಂದ ಮೂರನೇ ವರ್ಷ ಏಳನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಅಂಚೆಟ್ಟಿ ಕಡೆಯ ಕಾಡಂಚಿನ ಊರಿನವಳು, ನಮ್ಮೂರಿನ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ಬೆಟ್ಟದ ಇಳಿಜಾರಿನಲ್ಲಿ ಮೇಕೆ ಕೂಗಿ ಕರೆದು ಬೆಳೆದ ಗಂಟಲು, ಗಡಸು ದನಿ. ಹಾಡು ಮೇಲೆ ಹೋಗಲಿ ಕೆಳಗೆ ಬರಲಿ, ಅವಳು ಮಾತ್ರ ಒಂದೇ ಕಡೆ ನಿಲ್ಲುತ್ತಿದ್ದಳು. ಮಕ್ಕಳು ನಗುತ್ತಿದ್ದವು. ಟೀಚರ್ ಅವಳನ್ನು ಹಾಡಿನ ಸ್ವರಕ್ಕೆ ಎಳೆಯಲು ಹೋಗಲಿಲ್ಲ. ಅವಳು ಎಲ್ಲಿ ನಿಂತಿದ್ದಾಳೋ ಆ ಸ್ವರವನ್ನು ತಾವೇ ಹುಡುಕಿಕೊಂಡು ಹೋಗಿ, ಅವಳ ಪಕ್ಕದಲ್ಲಿ ಅದೇ ಸ್ವರ ಹಿಡಿದು ನಿಂತರು. ಪ್ರತಿ ಮಗುವಿಗೂ ಅವರು ಮಾಡುತ್ತಿದ್ದದ್ದು ಅದನ್ನೇ. ಮೊದಲು ನಾವು ಮಗು ಇರುವ ಕಡೆಗೆ ಹೋಗಬೇಕು, ಆಮೇಲೆ ಜೊತೆಯಲ್ಲಿ ಒಂದೊಂದೇ ಮೆಟ್ಟಿಲು ಹತ್ತಿಸಬೇಕು ಎನ್ನುತ್ತಿದ್ದರು. ಹಾಗೆ ನಿಂತಾಗ ಅವರಿಗೆ ಇನ್ನೊಂದು ಗೊತ್ತಾಯಿತು. ರಾಗಿ ಬಿದ್ದು ಮಿಷನ್ ಜಗ್ಗಿದಾಗ ಇಡೀ ತರಗತಿ ಇಳಿಯುತ್ತಿತ್ತು, ಈ ಹುಡುಗಿ ಮಾತ್ರ ಇಳಿಯುತ್ತಿರಲಿಲ್ಲ.

ಅವತ್ತಿನಿಂದ ಅವಳಿಗೊಂದು ಕೆಲಸ ಸಿಕ್ಕಿತು. ಎಲ್ಲರೂ ಹಾಡುವಾಗ ನಡುವೆ ನಿಂತು, ಕೊನೆಯವರೆಗೆ ಷಡ್ಜವೊಂದನ್ನೇ ಹಿಡಿಯುವುದು. ನಗುತ್ತಿದ್ದ ಮಕ್ಕಳೇ ಅವಳಿಗೆ ಆತು ನಿಂತು ಹಾಡಲು ಕಲಿತವು. ಇದೆಲ್ಲ ನನಗೆ ತಿಳಿದದ್ದು ತಡವಾಗಿ. ಆ ಪಿರಿಯಡ್ಡುಗಳಲ್ಲಿ ನಾನು ಸ್ಟಾಫ್ ರೂಮಿನಲ್ಲಿ ಕುಳಿತು ಪೇಪರು ತಿದ್ದುತ್ತಿದ್ದೆ.

ಆ ವರ್ಷ ಮೆರಿಟ್ ಪರೀಕ್ಷೆಯಲ್ಲಿ ನಮ್ಮ ಮಕ್ಕಳು ಒಬ್ಬರೂ ದಾಟಲಿಲ್ಲ. ಗಣಿತಕ್ಕೆ ಇನ್ನೂ ಎರಡು ಪಿರಿಯಡ್ಡು ಬೇಕೆಂದು ನಾನೇ ಕೇಳಿದ್ದೆ. ಹೆಡ್‌ಮಾಸ್ಟರು ಒಳ್ಳೆಯವರೇ, ಆದರೆ ಮೇಲಿನವರಿಗೆ ಉತ್ತರ ಹೇಳಿ ಸುಸ್ತಾಗಿದ್ದರು. ಹೊಸೂರಿನಲ್ಲಿ ಶಾಲೆಗಳ ಸಮೂಹ ಗಾನ ಸ್ಪರ್ಧೆ ಇತ್ತು. ಅಲ್ಲಿ ಬಹುಮಾನ ತಂದರೆ ಸಂಗೀತದ ಪಿರಿಯಡ್ಡು ಇರಲಿ, ಇಲ್ಲದಿದ್ದರೆ ಗಣಿತಕ್ಕೆ ಹೋಗಲಿ ಎಂದುಬಿಟ್ಟರು. ಟೀಚರ್ ಒಪ್ಪಿದರು. ಚೆನ್ನಾಗಿ ಹಾಡುವ ಹತ್ತು ಮಕ್ಕಳನ್ನು ಆರಿಸಿಕೊಂಡು ಹೋಗಿ ಎಂದು ನಾವೆಲ್ಲ ಹೇಳಿದೆವು. ಅದನ್ನು ಮಾತ್ರ ಅವರು ಒಪ್ಪಲಿಲ್ಲ.

"ಹತ್ತು ಮಕ್ಳಿಗೆ ಸಂಗೀತ ಹೇಳ್ಕೊಡೋಕೆ ಮನೇಲಿ ಕುಂತ್ಕಂಡ್ರೂ ಆಯ್ತದೆ ಸಾರ್. ಇಸ್ಕೂಲಿಗೆ ಬಂದಿರೋದು ಎಲ್ರಿಗೂ ಹೇಳ್ಕೊಡಾನ ಅಂತ," ಎಂದರು. ಮೂರು ವರ್ಷದಲ್ಲಿ ಅವರು ಬೇಡ ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆ ವರ್ಷ ಇಪ್ಪತ್ತೇ ಮಕ್ಕಳಿದ್ದ ಏಳನೇ ತರಗತಿ ಇಡಿಯಾಗಿ ಹೊರಟಿತು, ಕಾವಲಿಗೆ ನಾನು.

ವ್ಯಾನಿನಲ್ಲಿ ಮಕ್ಕಳು ಹಾಡುತ್ತಾ ಬಂದವು. ಮೂರು ನುಡಿ, ನುಡಿಗೊಂದು ಭಾಷೆ, ಹೊಲಕ್ಕೆ ಹೋಗುವವರ ಹಾಡು. ನಿಜ ಹೇಳುತ್ತೇನೆ, ನನಗೆ ಮೈ ಜುಮ್ಮೆಂದಿತು. ಅವತ್ತು ಮೊದಲ ಸಲ ಈ ಹೆಂಗಸು ಗೆಲ್ಲಲಿ ಎನ್ನಿಸಿತು. ಆದರೆ ನಡುವೆ ಒಂದು ಗಡಸು ದನಿ ಹಾಡು ಬಿಟ್ಟು ಆ ಎಂದು ಒಂದೇ ಸಮನೆ ಎಳೆಯುತ್ತಿತ್ತು. ರಾಗ ಬಾರದ ಹುಡುಗಿ ಎಲ್ಲವನ್ನೂ ಹಾಳು ಮಾಡುತ್ತಾಳಲ್ಲ ಎಂದು ನನಗೆ ಸಂಕಟವಾಯಿತು. ಸ್ಪರ್ಧೆಯಲ್ಲಿ ವಾದ್ಯ ಬಳಸುವಂತಿಲ್ಲ ಎಂಬ ನಿಯಮವಿತ್ತು. ಆ ಎಳೆಯುವ ದನಿಗೂ ನಿಯಮಕ್ಕೂ ಸಂಬಂಧವಿದೆ ಎಂದು ಹೊಳೆಯುವಷ್ಟು ಸಂಗೀತ ನನಗೆ ಗೊತ್ತಿರಲಿಲ್ಲ.

ನಮ್ಮ ಸರದಿ ಬರುವ ಮುಂಚೆ ಟೀಚರ್ ಹೆಸರು ಬರೆಸಲು ಹೋದರು. ಪರದೆಯ ಹಿಂದೆ ಮಕ್ಕಳು ಸಾಲಾಗಿ ನಿಂತಿದ್ದವು. ನಾನು ಆ ಹುಡುಗಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದೆ. "ನೀನು ಬಾಯಿ ಆಡುಸ್ತಿರು ಸಾಕು ಕಣಮ್ಮಿ. ದನಿ ತೆಗೀಬೇಡ."

ಅವಳು ನನ್ನ ಮುಖ ನೋಡಿದಳು. ಮೇಷ್ಟರ ಮಾತು, ತಲೆಯಾಡಿಸಿದಳು.

ಮೊದಲ ನುಡಿ ಸರಿಯಾಗಿಯೇ ಹೋಯಿತು. ಎರಡನೆಯದಕ್ಕೆ ಬರುವಾಗ ಮಕ್ಕಳ ಕಣ್ಣು ಅತ್ತಿತ್ತ ಆಡತೊಡಗಿತು. ಆತು ನಿಲ್ಲಲು ಮಿಷನ್ನೂ ಇಲ್ಲ, ಅವಳೂ ಇಲ್ಲ. ದನಿಗಳು ಒಂದೊಂದಾಗಿ ಇಳಿದವು, ಬೇರೆ ಬೇರೆ ಕಡೆಗೆ ಇಳಿದವು. ಮೂರನೆಯ ನುಡಿಯ ಹೊತ್ತಿಗೆ ಅದು ಹಾಡಾಗಿ ಉಳಿದಿರಲಿಲ್ಲ. ಟೀಚರ್ ಪಕ್ಕದಲ್ಲಿ ನಿಂತು ಅಂಗೈ ಎತ್ತಿ ಹಿಡಿದೇ ಇದ್ದರು. ನಡುವೆ ಆ ಹುಡುಗಿ ನಾನು ಹೇಳಿದ ಮಾತು ಮೀರದೆ ಬಾಯಿ ಆಡಿಸುತ್ತಿದ್ದಳು. ಟೀಚರ್ ಅವಳನ್ನು ನೋಡಿದರು, ನೋಡಿ ಒಂದು ಕ್ಷಣ ನನ್ನ ಕಡೆಗೂ ನೋಡಿದರು. ಮತ್ತೆ ಮಕ್ಕಳ ಕಡೆ ತಿರುಗಿದರು.

ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಮಕ್ಕಳು ಪಿಸುಪಿಸು ಮಾತಾಡಿಕೊಂಡವು. ಅವಳು ಶ್ರುತಿ ಯಾಕೆ ಹಿಡಿಯಲಿಲ್ಲ, ಅದೊಂದೇ ತಾನೇ ಅವಳ ಕೆಲಸ ಎಂದು. ಮಿಷನ್ನು, ಜಗ್ಗುವುದು, ಜಗ್ಗದಿರುವುದು ಎಲ್ಲವೂ ನನಗೆ ಗೊತ್ತಾದದ್ದು ಆ ಮಾತಿನಿಂದಲೇ. ವ್ಯಾನಿನ ಕಿಟಕಿಗೆ ತಲೆ ಒರಗಿಸಿ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿಕೊಂಡೆ. ಎದ್ದು ಹೇಳಬಹುದಿತ್ತು. ಹೆಡ್‌ಮಾಸ್ಟರಿಗೂ ಹೇಳಬಹುದಿತ್ತು, ತಪ್ಪು ಆಕೆಯದಲ್ಲ, ನನ್ನದು ಎಂದು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ಹೊಸ ಟೈಂಟೇಬಲ್ ಬಂತು. ಎರಡು ಪಿರಿಯಡ್ಡು ನನ್ನ ಹೆಸರಿಗೆ ಬಿದ್ದವು. ಒಳ್ಳೆಯ ಮನಸ್ಸಿನಿಂದಲೇ ಆ ಹುಡುಗಿಗೆ ಹಾಗೆ ಹೇಳಿದೆ ಎಂದು ಹನ್ನೆರಡು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಕೆಲವು ದಿನ ನಂಬಿಕೆ ಬರುತ್ತದೆ, ಕೆಲವು ದಿನ ಬರುವುದಿಲ್ಲ.

ನಮ್ಮ ಶಾಲೆಯಲ್ಲಿ ಅವರ ಕೊನೆಯ ದಿನ ನಾವು ಒಂದು ಶಾಲು ಹೊದಿಸಿ ಟೀ ಕುಡಿದೆವು. ಹೋಗುವಾಗ ನನ್ನ ಹತ್ತಿರ ಬಂದರು. "ಬಂದಾಗೆಲ್ಲ ಪ್ರೇಯರ್‌ನಾಗೆ ನಿಮ್ ಪಕ್ಕಾನೇ ನಿಂತ್ಕಂತಿದ್ದೆ ಸಾರ್. ಮೂರು ವರ್ಸದಾಗೆ ಒಂದಿನಾನೂ ನಿಮ್ ದನಿ ಕೇಳ್ಲಿಲ್ಲ," ಎಂದರು. ನನಗೆ ಹಾಡು ಬರಲ್ಲ ಟೀಚರ್ ಎಂದು ನಕ್ಕುಬಿಟ್ಟೆ. ಬರಲ್ಲ ಅಂತ ಯಾರು ಹೇಳಿದರು ಎಂದು ಕೇಳಿದರು. ಉತ್ತರಕ್ಕೆ ಸ್ವಲ್ಪ ಹೊತ್ತು ಕಾದರು. ನಾನು ಬಸ್ಸಿಗೆ ಹೊತ್ತಾಯಿತಲ್ಲವೇ ಎಂದೆ.

ಮಿಷನ್ನು ಈಗಿಲ್ಲ. ಜನ ರಾಗಿ ಹಿಟ್ಟನ್ನು ಪ್ಯಾಕೆಟ್ಟಿನಲ್ಲಿ ತರುತ್ತಾರೆ. ಶಾಲೆ ಸದ್ದಿಲ್ಲದೆ ಇದೆ, ನಾನು ಕೇಳಿಕೊಂಡಂತೆಯೇ.

ಹೊಸೂರಿನ ಅವರ ಮನೆಗೆ ನಾನು ಮುಟ್ಟುವ ಹೊತ್ತಿಗೆ ಎತ್ತಿಯಾಗಿತ್ತು. ಬಾಗಿಲು ತೊಳೆದಿದ್ದರು. ಅವರ ತಂಗಿ ಕೂರಿಸಿ ನೀರು ಕೊಟ್ಟರು. ಕೊನೆಯ ಆರು ತಿಂಗಳು ಅಕ್ಕನಿಗೆ ದನಿ ಪೂರ್ತಿ ಹೋಗಿತ್ತು, ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದಳು ಎಂದರು. ಲೋಟ ಖಾಲಿ ಮಾಡಿ ಎದ್ದೆ.

ಗೇಟಿನ ಹತ್ತಿರ ಫ್ಯಾಕ್ಟರಿ ಯೂನಿಫಾರ್ಮಿನ ಹೆಂಗಸೊಬ್ಬಳು ನನ್ನನ್ನು ನೋಡಿ ಚಪ್ಪಲಿ ಬಿಟ್ಟು ನಮಸ್ಕಾರ ಮಾಡಿದಳು. ದನಿ ಕೇಳಿದ ಕೂಡಲೇ ಗುರುತು ಸಿಕ್ಕಿತು. ಅದೇ ಗಡಸು ದನಿ. ಮದುವೆಯಾಗಿ ಹೊಸೂರಿನಲ್ಲೇ ಇದ್ದಾಳಂತೆ, ಎರಡನೇ ಶಿಫ್ಟಿಗೆ ಹೋಗಬೇಕಂತೆ, ಟೀಚರನ್ನು ಕೊನೆಯ ಸಲ ನೋಡಿಕೊಂಡೇ ಹೋಗೋಣ ಎಂದು ಬಂದಳಂತೆ. ಬಸ್ ಸ್ಟ್ಯಾಂಡಿನವರೆಗೆ ಜೊತೆಯಲ್ಲೇ ನಡೆದೆವು. ಕಂಬದ ಪಕ್ಕ ನಿಂತಾಗ ನನಗೆ ಇನ್ನು ತಡೆಯಲಾಗಲಿಲ್ಲ. ಟೀಚರಿಗೆ ಹೇಳಬೇಕಿದ್ದದ್ದನ್ನು ಅವಳಿಗೆ ಹೇಳಿದೆ. ಅವತ್ತು ನಿನ್ನ ಬಾಯಿ ಮುಚ್ಚಿಸಿದ್ದು ನನ್ನ ತಪ್ಪು, ಆಕೆಗೆ ಕೊನೆಗೂ ಹೇಳಲಾಗಲಿಲ್ಲ ಎಂದೆ.

"ಟೀಚರ್‌ಗೆ ಗೊತ್ತಿತ್ತು ಸಾರ್," ಎಂದಳು. "ಅವತ್ತೇ ವ್ಯಾನ್ ಹತ್ತೋಕ್ ಮುಂಚೆ ಅಳ್ತಾ ಯೋಳ್ಬುಟ್ಟಿದ್ದೆ."

ನಾನು ಕಣ್ಣು ಮುಚ್ಚಿಕೊಂಡು ಕುಳಿತ ಅದೇ ವ್ಯಾನು. ಎರಡು ಸೀಟು ಮುಂದೆ ಆಕೆ ಎಲ್ಲ ಗೊತ್ತಿದ್ದೂ ಕುಳಿತಿದ್ದರು. ಹೆಡ್‌ಮಾಸ್ಟರಿಗೆ ಒಂದು ಮಾತು ಹೇಳಿದ್ದರೆ ಪಿರಿಯಡ್ಡು ಉಳಿಯುತ್ತಿತ್ತು. ಏನೆಂದರು ಎಂದು ಕೇಳಿದೆ.

"ಸಾರ್ ಮ್ಯಾಲೆ ಕ್ವಾಪ ಮಾಡ್ಕಬ್ಯಾಡ ಕಣಮ್ಮಿ ಅಂದ್ರು. ಅವ್ರಿಗೂ ಚಿಕ್ಕೋರಾಗಿದ್ದಾಗ ಯಾರೋ ಇಂಗೇ ಯೋಳವ್ರೆ, ಅವತ್ತಿಂದ ಬರೀ ಬಾಯಿ ಆಡುಸ್ಕಂಡವ್ರೆ ಅಂದ್ರು."

ಐದನೇ ತರಗತಿ. ಬಾವುಟದ ಹಬ್ಬದ ಹಿಂದಿನ ದಿನ. ಸಾಲಿನಲ್ಲಿ ನಿಂತಿದ್ದ ನನ್ನ ತಲೆಗೆ ಬೆರಳಿನಿಂದ ತಟ್ಟಿ, ನೀನು ಬಾಯಿ ಆಡಿಸುತ್ತಿರು ಸಾಕು ಎಂದಿದ್ದರು ನಮ್ಮ ಮೇಷ್ಟರು. ಮಾತು ಕೂಡ ಅದೇ. ಹೆಂಡತಿಗೂ ಹೇಳಿರದ ಈ ವಿಷಯ ಆಕೆಗೆ ಹೇಗೆ ಗೊತ್ತಾಯಿತು? ಪ್ರೇಯರಿನಲ್ಲಿ ಮೂರು ವರ್ಷ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಿದ್ದರು, ಅಷ್ಟೇ. ಪಕ್ಕದ ಕಂಬ ಹಿಡಿದುಕೊಂಡೆ. ಅಳುವುದಕ್ಕೂ ನಾಚಿಕೆಯಾಯಿತು, ಆದರೂ ಕಣ್ಣು ತುಂಬಿತು.

ಅವಳು, ಈಗಲೂ ಫ್ಯಾಕ್ಟರಿಯಲ್ಲಿ ಮಿಷನ್ನುಗಳ ಸದ್ದಿನ ಜೊತೆ ಷಡ್ಜ ಹಿಡಿಯುತ್ತೇನೆ, ಯಾರಿಗೂ ಕೇಳಿಸುವುದಿಲ್ಲ ಎಂದಳು. ಸುತ್ತ ಮುತ್ತ ನೋಡಿದಳು. ಬಸ್ಸುಗಳ ಎಂಜಿನ್ನು, ಹಾರನ್ನು, ಕಂಡಕ್ಟರುಗಳ ಕೂಗು.

"ಸಾರ್, ಏನಾರ ಒಂದು ದನಿ ತೆಗೀರಿ. ಎಂಗಿದ್ರೂ ಸರಿ," ಎಂದಳು.

ಈ ವಯಸ್ಸಿನಲ್ಲಿ, ಹೊಸೂರಿನ ಬಸ್ ಸ್ಟ್ಯಾಂಡಿನಲ್ಲಿ. ಬೇಡಮ್ಮ ಎಂದೆ. ಅವಳು ಕಾದಳು. ಆ ಕಾಯುವಿಕೆ ನನಗೆ ಪರಿಚಯದ್ದು. ಕೊನೆಗೆ ಗಂಟಲಿನಿಂದ ಆ ಎಂದು ಏನೋ ಹೊರಬಂತು, ಒಡಕು ದನಿ, ಅಲ್ಲಾಡುವ ದನಿ. ಅವಳು ತಲೆ ವಾರೆ ಮಾಡಿ ಕೇಳಿಸಿಕೊಂಡಳು. ಮೆಲ್ಲಗೆ ಶುರು ಮಾಡಿ, ಸ್ವಲ್ಪ ಕೆಳಗೆ, ಇನ್ನೂ ಸ್ವಲ್ಪ ಕೆಳಗೆ ಹುಡುಕಿಕೊಂಡು ಬಂದು, ನಾನಿದ್ದ ಕಡೆ ನನ್ನ ಪಕ್ಕದಲ್ಲಿ ನಿಂತಳು. ಅಂಗೈಯನ್ನು ನಮ್ಮಿಬ್ಬರ ನಡುವೆ ಮಟ್ಟವಾಗಿ ಹಿಡಿದಿದ್ದಳು.

ಕೆಲಮಂಗಲದ ಬಸ್ಸು ಬಂದು ನಿಂತಿತು. ಅವಳು ಅಂಗೈ ಇಳಿಸಲಿಲ್ಲ. ನಾನು ಇನ್ನೊಂದು ಸಲ ಉಸಿರು ತೆಗೆದುಕೊಂಡೆ.